ಕಡಿಮೆ ಖರ್ಚಿನಲ್ಲಿ ಮನೆಗೆ ಕಂಪ್ಯೂಟರ್ ಜೋಡಿಸಿಕೊಳ್ಳುವುದು: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿದ್ದುಕೊಂಡು ನೆಂಟರಿಷ್ಟರಿಗೂ ನೆರೆಹೊರೆಯವರಿಗೂ ಹಲವು ವರ್ಷಗಳಿಂದ ಕಂಪ್ಯೂಟರ್ ಜೋಡಿಸಿಕೊಡುತ್ತ ಬಂದಿದ್ದೇನೆ. ಅಡಿಕೆ ಮಾರಿದ ಹಣ ಕೈಗೆ ಬರುವ ತಿಂಗಳುಗಳಲ್ಲಿ ಮತ್ತು ಪಿಯುಸಿ ಫಲಿತಾಂಶ ಬಂದ ಮೇಲೆ ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬರುವ ಫೋನುಗಳಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಅವುಗಳ ಉತ್ತರಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಬಿಡಿಭಾಗಗಳ ಬೆಲೆ ವಾರವಾರಕ್ಕೂ ಏರಿಳಿಯುವುದರಿಂದ ಬೆಲೆಪಟ್ಟಿ ಕೊಟ್ಟಿಲ್ಲ. ಯಾವುದಕ್ಕೆ ಹಣ ಹಾಕಬೇಕು, ಯಾವುದರಲ್ಲಿ ಉಳಿಸಬಹುದು, ನಮ್ಮ ಕಡೆಯ ಮಳೆ, ಸಿಡಿಲು ಮತ್ತು ಕರೆಂಟಿನ ಸ್ಥಿತಿಗೆ ಯಾವುದು ತಾಳುತ್ತದೆ ಎಂಬುದನ್ನು ವಿವರಿಸಿದ್ದೇನೆ.

ಬಿಡಿಭಾಗ ತಂದು ಜೋಡಿಸಿಕೊಳ್ಳುವುದು ನಿಜವಾಗಿಯೂ ಅಗ್ಗವೇ?

ಕೊಳ್ಳುವ ದಿನದ ಲೆಕ್ಕ ನೋಡಿದರೆ ಸಿದ್ಧ ಕಂಪ್ಯೂಟರಿಗೂ ಜೋಡಿಸಿದ್ದಕ್ಕೂ ಬಹಳ ವ್ಯತ್ಯಾಸವಿಲ್ಲ. ಲಾಭ ತಿಳಿಯುವುದು ಮೂರನೆಯ ಅಥವಾ ಐದನೆಯ ವರ್ಷದಲ್ಲಿ. ಆಗ ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಕೆಲಸ ಹೆಚ್ಚಾದರೆ, ನಡೆಯುತ್ತಿರುವ ಕೆಲಸವನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ನೆನಪಿನ ಕಡ್ಡಿಯಾದ ರ‍್ಯಾಮ್ ಒಂದನ್ನೇ ಸೇರಿಸಬಹುದು. ರಿಪೇರಿ ಮಾಡುವವರು ಮನೆಯಿಂದ ಐವತ್ತು ಕಿಲೋಮೀಟರ್ ದೂರದಲ್ಲಿರುವ ಊರುಗಳಲ್ಲಿ, ಮನೆಯ ಹುಡುಗನೋ ಹುಡುಗಿಯೋ ನಾಲ್ಕು ಸ್ಕ್ರೂ ಬಿಚ್ಚಿ ಭಾಗ ಬದಲಿಸಿಕೊಳ್ಳಬಹುದಾದ ಯಂತ್ರ ಇರುವುದು ದೊಡ್ಡ ಅನುಕೂಲ. ಹಾಸ್ಟೆಲಿಗೆ ಒಯ್ಯಬೇಕಾದವರಿಗೆ ಮಾತ್ರ ನಾನು ಲ್ಯಾಪ್‌ಟಾಪನ್ನೇ ಸೂಚಿಸುತ್ತೇನೆ.

ಇರುವ ಹಣವನ್ನು ಹೇಗೆ ಹಂಚಬೇಕು?

ಕೈಯಲ್ಲಿರುವ ಮೊತ್ತವನ್ನು ನೂರು ರೂಪಾಯಿ ಎಂದು ಭಾವಿಸಿಕೊಳ್ಳಿ. ಓದು, ಟೈಪಿಂಗ್, ಲೆಕ್ಕಪತ್ರ, ವಿಡಿಯೊ ಇಷ್ಟಕ್ಕೆ ಬಳಸುವ ಮನೆಯ ಯಂತ್ರವಾದರೆ ಪ್ರೊಸೆಸರಿಗೆ (ಲೆಕ್ಕ ಮಾಡುವ ಮುಖ್ಯ ಚಿಪ್ಪು) 20, ಮದರ್‌ಬೋರ್ಡಿಗೆ (ಎಲ್ಲ ಭಾಗಗಳೂ ಕೂರುವ ಮುಖ್ಯ ಹಲಗೆ) 15, ರ‍್ಯಾಮಿಗೆ 15, ಎಸ್‌ಎಸ್‌ಡಿಗೆ (ಫೈಲುಗಳನ್ನು ಇಡುವ ವೇಗದ ಸಂಗ್ರಹ) 12, ಎಸ್‌ಎಂಪಿಎಸ್‌ಗೆ (ಕರೆಂಟನ್ನು ಇಳಿಸಿ ಒಳಗಿನ ಭಾಗಗಳಿಗೆ ಕೊಡುವ ಡಬ್ಬಿ) 9, ಕ್ಯಾಬಿನೆಟ್ಟಿಗೆ (ಹೊರಪೆಟ್ಟಿಗೆ) 5, ಮಾನಿಟರಿಗೆ 15, ಯುಪಿಎಸ್‌ಗೆ 7, ಕೀಬೋರ್ಡ್ ಮತ್ತು ಮೌಸಿಗೆ 2 ಎಂಬುದು ನಾನು ಇಟ್ಟುಕೊಂಡಿರುವ ಅಂದಾಜು. ಅಂಗಡಿಗಳಲ್ಲಿ ಬರೆದುಕೊಡುವ ಕೊಟೇಶನ್ನುಗಳಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ದೊಡ್ಡದಾಗಿ, ಕ್ಯಾಬಿನೆಟ್ ಬಣ್ಣದ ದೀಪಗಳಿಂದ ಕೂಡಿದ್ದಾಗಿ ಇದ್ದು, ಎಸ್‌ಎಂಪಿಎಸ್ ಕ್ಯಾಬಿನೆಟ್ಟಿನೊಂದಿಗೆ ಪುಕ್ಕಟೆಯಾಗಿ ಬಂದದ್ದಾಗಿರುತ್ತದೆ. ಯುಪಿಎಸ್ ಪಟ್ಟಿಯಲ್ಲೇ ಇರುವುದಿಲ್ಲ. ಮಲೆನಾಡಿನ ಮನೆಗೆ ಈ ಹಂಚಿಕೆ ಒಗ್ಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ಯಂತ್ರಗಳು ನಿಧಾನವಾಗಿ ಹಳತಾಗಿ ಮೂಲೆ ಸೇರುವುದಕ್ಕಿಂತ ಹೆಚ್ಚಾಗಿ ಕರೆಂಟಿನ ಹೊಡೆತದಿಂದ ಒಂದೇ ದಿನ ಸಾಯುತ್ತವೆ. ಆದ್ದರಿಂದ ಕಣ್ಣಿಗೆ ಕಾಣದ ಭಾಗಗಳಿಗೆ ಮೊದಲು ಹಣ ತೆಗೆದಿಟ್ಟು, ಉಳಿದದ್ದರಲ್ಲಿ ಪ್ರೊಸೆಸರ್ ಆರಿಸಬೇಕು.

ಯಾವ ಪ್ರೊಸೆಸರ್ ಸಾಕು? ಐ5 ಬೇಕೇಬೇಕೆ?

ಮನೆಬಳಕೆಗೆ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಎಂಟು ಥ್ರೆಡ್ಡುಗಳ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆ) ಈಚಿನ ಪ್ರೊಸೆಸರ್ ಧಾರಾಳವಾಗಿ ಸಾಕು. ಇಂಟೆಲ್ ಕೋರ್ ಐ3-12100 ಇದಕ್ಕೆ ಒಳ್ಳೆಯ ಉದಾಹರಣೆ. ವಿಡಿಯೊ ಎಡಿಟಿಂಗ್, ಇಂಜಿನಿಯರಿಂಗ್ ಓದುವವರ ಚಿತ್ರವಿನ್ಯಾಸದ ತಂತ್ರಾಂಶ ಅಥವಾ ಹಗುರವಾದ ಆಟಗಳೂ ಬೇಕೆಂದಾದರೆ ಎಎಂಡಿ ರೈಜನ್ 5 5600ಜಿ ನಂಥ ಆರು ಕೋರಿನದು ಉತ್ತಮ. 2021ರಲ್ಲಿ ಬಂದದ್ದಾದರೂ ಅದರ ಒಳಗೇ ಇರುವ ಗ್ರಾಫಿಕ್ಸ್ (ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗ) ಇಂದಿಗೂ ಉಪಯೋಗಕ್ಕೆ ಬರುವಷ್ಟು ಸಮರ್ಥವಾಗಿದೆ.

ಐ3, ಐ5, ಐ7 ಎಂಬ ಹೆಸರಿಗಿಂತ ಅದರ ಮುಂದಿನ ಸಂಖ್ಯೆ ಮುಖ್ಯ. ಐ5-3470 ಎಂಬುದು ಮೂರನೆಯ ತಲೆಮಾರಿನದು, 2012ರದು. ಹತ್ತು ವರ್ಷ ಕಳೆದು ಬಂದ ಐ3-12100 ಅದನ್ನು ಎಲ್ಲ ಕೆಲಸಗಳಲ್ಲೂ ಹಿಂದೆ ಹಾಕುತ್ತದೆ. "ಐ5, 16 ಜಿಬಿ, ಹೊಸ ಬೋರ್ಡ್, ಅರ್ಧ ಬೆಲೆ" ಎಂದು ಮಾರುವ ಯಂತ್ರಗಳಲ್ಲಿ ಬಹುಪಾಲು ಇಂಥ ಹಳೆಯ ಪ್ರೊಸೆಸರನ್ನು ಹೊಸದಾಗಿ ತಯಾರಿಸಿದ ಅಗ್ಗದ ಬೋರ್ಡಿನ ಮೇಲೆ ಕೂರಿಸಿರುತ್ತಾರೆ. ಪೂರ್ತಿ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಯಿಸಿಕೊಳ್ಳದೆ ಹಣ ಕೊಡಬೇಡಿ.

ಇನ್ನೊಂದು ಅಕ್ಷರದ ವಿಷಯದಲ್ಲಿ ಎಚ್ಚರ ಬೇಕು. ಇಂಟೆಲ್ ಸಂಖ್ಯೆಯ ಕೊನೆಯಲ್ಲಿ ಎಫ್ ಇದ್ದರೆ, ಉದಾಹರಣೆಗೆ 12100ಎಫ್, ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಬೇರೆ ಕಾರ್ಡ್ ಹಾಕದಿದ್ದರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಎಎಂ4 ಸಾಕೆಟ್ಟಿನ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ರೈಜನ್‌ಗಳಲ್ಲಿ ಇದಕ್ಕೆ ಉಲ್ಟಾ: ಕೊನೆಯಲ್ಲಿ ಜಿ ಇದ್ದರೆ ಗ್ರಾಫಿಕ್ಸ್ ಇದೆ, 5600 ಎಂದಷ್ಟೇ ಇದ್ದರೆ ಇಲ್ಲ. ಕೆಲವು ನೂರು ರೂಪಾಯಿ ಕಡಿಮೆ ಎಂದು ಎಫ್ ತಂದು, ಮನೆಗೆ ಬಂದು ಕಪ್ಪು ಪರದೆ ನೋಡಿ ಗಾಬರಿಯಾದವರು ಹಲವರಿದ್ದಾರೆ.

ಗ್ರಾಫಿಕ್ಸ್ ಕಾರ್ಡ್ ಬೇಕೆ?

ದೊಡ್ಡ ಆಟಗಳು ಅಥವಾ ಮೂರು ಆಯಾಮದ ವಿನ್ಯಾಸದ ಕೆಲಸ ಇಲ್ಲವಾದರೆ ಬೇಡ. ಎರಡು ವರ್ಷ ಬಿಟ್ಟು ಹಾಕಿಕೊಳ್ಳುವ ಯೋಚನೆಯಿದ್ದರೆ ಈಗ ಮಾಡಬೇಕಾದದ್ದು ಒಂದೇ: ಆ ಭಾರ ಹೊರಬಲ್ಲ ಎಸ್‌ಎಂಪಿಎಸ್ ಹಾಕಿಸಿಕೊಳ್ಳುವುದು.

ಮದರ್‌ಬೋರ್ಡ್ ಆರಿಸುವಾಗ ಏನನ್ನು ನೋಡಬೇಕು?

ಪ್ರೊಸೆಸರಿನ ಸಾಕೆಟ್ಟೂ ಬೋರ್ಡಿನ ಸಾಕೆಟ್ಟೂ ಒಂದೇ ಆಗಿರಬೇಕೆಂಬುದು ಮೊದಲ ಮಾತು. ಇಂಟೆಲ್‌ನ 12, 13 ಮತ್ತು 14ನೆಯ ತಲೆಮಾರುಗಳಿಗೆ ಎಲ್‌ಜಿಎ 1700, ರೈಜನ್ 5000 ಸರಣಿಗೆ ಎಎಂ4, ರೈಜನ್ 7000 ಸರಣಿ ಮತ್ತು ನಂತರದವುಗಳಿಗೆ 2022ರಲ್ಲಿ ಬಂದ ಎಎಂ5 ಬೇಕು. ಎಎಂ4 ಅಗ್ಗ, ಆದರೆ ಅದರ ಕಾಲ ಮುಗಿಯುತ್ತ ಬಂದಿದೆ. ಎಎಂ5ಕ್ಕೆ ಇಂದು ಹೆಚ್ಚು ಕೊಡಬೇಕಾದರೂ, ಅದೇ ಸಾಕೆಟ್ಟಿಗೆ ಕನಿಷ್ಠ 2027ರವರೆಗೆ ಬೆಂಬಲವಿರುತ್ತದೆಂದು ಎಎಂಡಿ ಹೇಳಿರುವುದರಿಂದ ಮುಂದೆ ಪ್ರೊಸೆಸರ್ ಒಂದನ್ನೇ ಬದಲಿಸುವ ದಾರಿ ತೆರೆದಿರುತ್ತದೆ. ಐದಾರು ವರ್ಷ ಏನನ್ನೂ ಬದಲಿಸುವುದಿಲ್ಲ ಎನ್ನುವವರಿಗೆ ಈ ದಾರಿಗೆ ಹಣ ಕೊಡುವ ಅಗತ್ಯವಿಲ್ಲ.

ಕಡಿಮೆ ಬೆಲೆಯ ಎಚ್610 (ಎಲ್‌ಜಿಎ 1700ಕ್ಕೆ) ಮತ್ತು ಎ520 (ಎಎಂ4ಕ್ಕೆ) ಬೋರ್ಡುಗಳು ಮನೆಬಳಕೆಗೆ ಸಾಕು. ಆದರೆ ಎನ್‌ವಿಎಂಇ ಎಸ್‌ಎಸ್‌ಡಿ (ಬೋರ್ಡಿಗೇ ನೇರವಾಗಿ ಚುಚ್ಚುವ ವೇಗದ ಬಗೆ) ಕೂರಿಸುವ ಎಂ.2 ಜಾಗ ಇದೆಯೇ, ನಿಮ್ಮ ಮಾನಿಟರಿಗೆ ಹೊಂದುವ ಎಚ್‌ಡಿಎಂಐ ಇದೆಯೇ, ಎಲ್‌ಜಿಎ 1700 ಬೋರ್ಡ್ ಆದರೆ ಅದು ಡಿಡಿಆರ್4 ರ‍್ಯಾಮಿನದೋ ಡಿಡಿಆರ್5 ರ‍್ಯಾಮಿನದೋ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಈ ಎರಡು ಬಗೆಯ ರ‍್ಯಾಮುಗಳಲ್ಲಿ ಕೆಳಗಿನ ಕಚ್ಚು ಬೇರೆ ಬೇರೆ ಜಾಗದಲ್ಲಿದ್ದು, ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ. ಬೋರ್ಡ್ ಪ್ರೊಸೆಸರಿಗಿಂತ ಹಳೆಯ ಸರಕಾಗಿದ್ದರೆ ಬಯೋಸ್ (ಬೋರ್ಡಿನೊಳಗಿನ ಆರಂಭದ ತಂತ್ರಾಂಶ) ಅಪ್‌ಡೇಟ್ ಮಾಡಿಸಿಯೇ ತನ್ನಿ.

ರ‍್ಯಾಮ್ ಎಷ್ಟು ಬೇಕು?

8 ಜಿಬಿಯಲ್ಲಿ ಕೆಲಸ ನಡೆಯುತ್ತದೆ, 16 ಜಿಬಿಯಲ್ಲಿ ನೆಮ್ಮದಿಯಿಂದ ನಡೆಯುತ್ತದೆ. 2025ರ ಕೊನೆಯ ತಿಂಗಳುಗಳಿಂದ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳ ಬೇಡಿಕೆಯಿಂದಾಗಿ ಜಗತ್ತಿನೆಲ್ಲೆಡೆ ಮೆಮೊರಿಯ ಬೆಲೆ ತೀವ್ರವಾಗಿ ಏರಿತು. ಹಣ ಸಾಲದಿದ್ದರೆ ಈಗ 8 ಜಿಬಿಯ ಒಂದೇ ಕಡ್ಡಿ ಹಾಕಿಸಿ, ಎರಡನೆಯ ಜಾಗ ಖಾಲಿ ಬಿಟ್ಟು, ಬೆಲೆ ಇಳಿದಾಗ ಅದೇ ವೇಗದ ಇನ್ನೊಂದು ಸೇರಿಸುವುದು ವಿವೇಕ. ಎರಡು ಕಡ್ಡಿಗಳಿದ್ದಾಗ ಅವು ಒಟ್ಟಿಗೆ ಮಾಹಿತಿ ಸಾಗಿಸುವ ಡ್ಯುಯಲ್ ಚಾನೆಲ್‌ನಲ್ಲಿ ಕೆಲಸ ಮಾಡುತ್ತವೆ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಇದೇ ರ‍್ಯಾಮನ್ನು ಹಂಚಿಕೊಳ್ಳುವುದರಿಂದ 5600ಜಿಯಂಥವುಗಳಲ್ಲಿ ಆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ನಾಲ್ಕು ಜಾಗಗಳ ಬೋರ್ಡಾದರೆ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಜಾಗಗಳಲ್ಲಿ ಕೂರಿಸಬೇಕು.

ಎಸ್‌ಎಸ್‌ಡಿಯೋ ಹಾರ್ಡ್ ಡಿಸ್ಕೋ?

ವಿಂಡೋಸ್ ಎಸ್‌ಎಸ್‌ಡಿಯಲ್ಲೇ ಇರಬೇಕು. ಈ ವಿಷಯದಲ್ಲಿ ರಾಜಿ ಬೇಡ. ಸಾಟಾ ಎಸ್‌ಎಸ್‌ಡಿ (ಸಾಮಾನ್ಯವಾಗಿ ಕೇಬಲ್ಲಿನಿಂದ ಜೋಡಿಸುವ ಹಳೆಯ ಬಗೆ) ಸೆಕೆಂಡಿಗೆ ಸುಮಾರು 550 ಎಂಬಿ ಓದಿದರೆ, ಪಿಸಿಐಇ 3.0 ಎನ್‌ವಿಎಂಇ ಸುಮಾರು 3500 ಎಂಬಿವರೆಗೆ ಓದುತ್ತದೆ. ದಿನಬಳಕೆಯಲ್ಲಿ ಈ ಎರಡರ ನಡುವಿನ ಅಂತರ ಹೆಚ್ಚು ಅರಿವಿಗೆ ಬರುವುದಿಲ್ಲ. ಹಾರ್ಡ್ ಡಿಸ್ಕಿನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗ ಆಗುವ ಅಂತರವಾದರೋ ಯಂತ್ರವೇ ಬದಲಾದಂತೆ ಇರುತ್ತದೆ. 500 ಜಿಬಿ ಸಾಕು. ಹೆಸರು ಕೇಳರಿಯದ ಕಂಪನಿಯ 1 ಟಿಬಿಗಿಂತ, ಐದು ವರ್ಷ ವಾರಂಟಿಯ 500 ಜಿಬಿ ಮೇಲು. ಮದುವೆ, ಉಪನಯನಗಳ ಫೋಟೊಗಳನ್ನು ಕಾಪಿಡಲು ಮಾತ್ರ ಹೊರಗಿನ ಹಾರ್ಡ್ ಡಿಸ್ಕ್ ಇಟ್ಟುಕೊಳ್ಳಿ. ಕರೆಂಟ್ ಇಲ್ಲದೆ ವರ್ಷಗಟ್ಟಲೆ ಕಪಾಟಿನಲ್ಲಿಟ್ಟ ಎಸ್‌ಎಸ್‌ಡಿ ನಿಧಾನವಾಗಿ ಮಾಹಿತಿ ಕಳೆದುಕೊಳ್ಳಬಹುದು.

ಎಸ್‌ಎಂಪಿಎಸ್‌ಗೆ ಅಷ್ಟು ಮಹತ್ವ ಏಕೆ? ಕ್ಯಾಬಿನೆಟ್ಟಿನೊಂದಿಗೆ ಬಂದದ್ದು ಸಾಲದೇ?

ಗೋಡೆಯ ಸಾಕೆಟ್ಟಿನಿಂದ ಬರುವ 230 ವೋಲ್ಟನ್ನು ಬೋರ್ಡಿಗೆ ಬೇಕಾದ 12, 5 ಮತ್ತು 3.3 ವೋಲ್ಟುಗಳಾಗಿ ಇಳಿಸಿಕೊಡುವುದು ಈ ಡಬ್ಬಿ. ಅದು ಕೆಡುವಾಗ ತಾನೊಂದೇ ಕೆಟ್ಟರೆ ಅದೃಷ್ಟ. ಅಗ್ಗದ್ದಾದರೆ ಬೋರ್ಡನ್ನೂ ಎಸ್‌ಎಸ್‌ಡಿಯನ್ನೂ ಜೊತೆಗೆ ಸುಟ್ಟು ಹೋಗುತ್ತದೆ.

ಅಂಗಡಿಯಲ್ಲೇ ಅದನ್ನು ತಿರುಗಿಸಿ ಪಕ್ಕದ ಚೀಟಿಯನ್ನು ಓದಿ. ಮೇಲೆ 450 ವ್ಯಾಟ್ ಎಂದು ದೊಡ್ಡದಾಗಿ ಬರೆದಿದ್ದರೂ ಒಳಗಿನ ಪಟ್ಟಿಯಲ್ಲಿ +12 ವೋಲ್ಟಿನ ಕೆಳಗೆ 16 ಆಂಪಿಯರ್ ಎಂದಷ್ಟೇ ಇದ್ದರೆ, ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ದೊರೆಯುವುದು 12×16, ಅಂದರೆ 192 ವ್ಯಾಟ್ ಮಾತ್ರ. ಪ್ರಾಮಾಣಿಕವಾದ 450 ವ್ಯಾಟಿನ ಡಬ್ಬಿಯಲ್ಲಿ ಆ ಜಾಗದಲ್ಲಿ 30 ಆಂಪಿಯರಿಗಿಂತ ಮೇಲಿರುತ್ತದೆ. ಕೈಯಲ್ಲಿ ಹಿಡಿದಾಗಲೂ ಗೊತ್ತಾಗುತ್ತದೆ: ಒಂದರ ತೂಕ ಕೈ ಜಗ್ಗುತ್ತದೆ, ಇನ್ನೊಂದು ಖಾಲಿ ಡಬ್ಬಿಯಂತೆ ಹಗುರವಾಗಿರುತ್ತದೆ.

ಅದೇ ಚೀಟಿಯಲ್ಲಿ ಎಸಿ ಇನ್‌ಪುಟ್ ಎಂಬ ಸಾಲೂ ಇರುತ್ತದೆ. ಕೆಲವದರಲ್ಲಿ 200–240 ವೋಲ್ಟ್ ಎಂದೂ ಕೆಲವದರಲ್ಲಿ 100–240 ವೋಲ್ಟ್ ಎಂದೂ ಇರುತ್ತದೆ. ಬೇಸಿಗೆಯಲ್ಲಿ ತೋಟಗಳ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ಬಲ್ಬು ಮಂಕಾಗುವ ಊರಿನವರು ಎರಡನೆಯದನ್ನೇ ಆರಿಸಿಕೊಳ್ಳಬೇಕು. ವೋಲ್ಟೇಜು 170ಕ್ಕೆ ಇಳಿದರೂ ಅದು ಕೆಲಸ ಮಾಡುತ್ತಲೇ ಇರುತ್ತದೆ.

80 ಪ್ಲಸ್ ಬ್ರಾಂಜ್ ಮುದ್ರೆ ಇದ್ದರೆ ಒಳ್ಳೆಯದು. ಅರ್ಧ ಹೊರೆಯಲ್ಲಿ ಕನಿಷ್ಠ 85 ಪ್ರತಿಶತ ದಕ್ಷತೆ ಇದೆ ಎಂಬುದು ಅದರ ಅರ್ಥ. ಆದರೆ ಆ ಮುದ್ರೆ ದಕ್ಷತೆಯನ್ನು ಮಾತ್ರ ಹೇಳುತ್ತದೆ, ರಕ್ಷಣೆಯನ್ನಲ್ಲ. ಹೆಚ್ಚು ವೋಲ್ಟೇಜ್, ಹೆಚ್ಚು ಕರೆಂಟ್ ಮತ್ತು ಶಾರ್ಟ್ ಸರ್ಕ್ಯೂಟ್ ಆದಾಗ ತಾನಾಗಿ ನಿಲ್ಲುವ ಏರ್ಪಾಡು ಇದೆಯೇ ಎಂದು ಪ್ರತ್ಯೇಕವಾಗಿ ವಿಚಾರಿಸಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮನೆಯ ಯಂತ್ರ ಪೂರ್ತಿ ದುಡಿಯುವಾಗಲೂ 150 ವ್ಯಾಟ್ ದಾಟುವುದು ಅಪರೂಪ. ಆದ್ದರಿಂದ ಒಳ್ಳೆಯ 450 ವ್ಯಾಟಿನದು ಬೇಕಾದಷ್ಟಾಯಿತು, 650ರದು ಬೇಡ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ. ಎಸ್‌ಎಂಪಿಎಸ್ ಕೆಟ್ಟಿದೆಯೇ?

ಬಹುತೇಕ ಸಂದರ್ಭಗಳಲ್ಲಿ ಕೆಟ್ಟಿರುವುದಿಲ್ಲ. ಕಾರಣ, ಮನೆಗೆ ಅರ್ಥಿಂಗ್ ಇಲ್ಲದಿರುವುದು. ಎಸ್‌ಎಂಪಿಎಸ್‌ನೊಳಗೆ ವಿದ್ಯುತ್ ಗದ್ದಲವನ್ನು ಸೋಸುವುದಕ್ಕಾಗಿ ಫೇಸಿನಿಂದಲೂ ನ್ಯೂಟ್ರಲಿನಿಂದಲೂ ಲೋಹದ ಮೈಗೆ ಎರಡು ಪುಟ್ಟ ಕೆಪಾಸಿಟರ್ ಜೋಡಿಸಿರುತ್ತಾರೆ. ಮೂರನೆಯ ಪಿನ್ನಿನಿಂದ ನೆಲಕ್ಕೆ ದಾರಿ ಇದ್ದರೆ ಅಲ್ಲಿ ಸೋರುವ ಅತ್ಯಲ್ಪ ಕರೆಂಟ್ ಭೂಮಿಗೆ ಇಳಿದುಹೋಗುತ್ತದೆ. ದಾರಿ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಮೈ ಸುಮಾರು ಅರ್ಧ ವೋಲ್ಟೇಜಿನಲ್ಲಿ, ಅಂದರೆ 115 ವೋಲ್ಟಿನ ಆಸುಪಾಸಿನಲ್ಲಿ ನಿಂತುಬಿಡುತ್ತದೆ.

ತೀರ್ಥಹಳ್ಳಿ ಕಡೆಯ ನಮ್ಮ ಅತ್ತೆಯ ಮನೆಯಲ್ಲಿ ಆದದ್ದು ಹೀಗೆಯೇ. ಹಳೆಯ ಹೆಂಚಿನ ಮನೆ, ಕಾವಿ ಹಾಕಿದ ತಂಪು ನೆಲ, ಬರಿಗಾಲು. ಅತ್ತೆ ಧೂಳು ಒರೆಸಲು ಹೋಗಿ ಕೈ ಹಿಂದೆಗೆದವರು ಮತ್ತೆ ಅದರ ಹತ್ತಿರ ಸುಳಿಯಲಿಲ್ಲ. ಮೇನ್ ಸ್ವಿಚ್ ತೆಗೆದು ಸಾಕೆಟ್ಟಿನ ಮುಚ್ಚಳ ಬಿಚ್ಚಿದೆ. ಮೂರು ತೂತುಗಳ ಸಾಕೆಟ್ ನಿಜ, ಆದರೆ ಹಿಂದೆ ಬಂದಿದ್ದವು ಎರಡೇ ತಂತಿ. ಮೇಲಿನ ದೊಡ್ಡ ಪಿನ್ನಿನ ಹಿತ್ತಾಳೆಯ ತುದಿಗೆ ಯಾವ ತಂತಿಯೂ ತಾಗಿರಲಿಲ್ಲ, ಅದರ ಸುತ್ತ ಜೇಡರ ಬಲೆ ಕಟ್ಟಿತ್ತು. ಹಿತ್ತಲಿನಲ್ಲಿ ಗುಂಡಿ ತೋಡಿಸಿ, ಇದ್ದಿಲು ಮತ್ತು ಉಪ್ಪು ತುಂಬಿಸಿ, ಪೈಪು ಇಳಿಸಿ ಅಲ್ಲಿಂದ ಹಸಿರು ತಂತಿ ಎಳೆಸಿದ ಮೇಲೆ ಜುಮ್ಮೆನ್ನುವುದು ನಿಂತಿತು.

ಎಲೆಕ್ಟ್ರೀಶಿಯನ್ ಬಂದಾಗ ಮಲ್ಟಿಮೀಟರ್ ಹಿಡಿಸಿ ನೋಡಿಸಿ. ಫೇಸಿಗೂ ಅರ್ಥಿಗೂ ನಡುವೆ 230ರ ಹತ್ತಿರ, ನ್ಯೂಟ್ರಲಿಗೂ ಅರ್ಥಿಗೂ ನಡುವೆ ಕೆಲವೇ ವೋಲ್ಟ್ ತೋರಿಸಿದರೆ ಸರಿಯಾಗಿದೆ. ಅರ್ಥ್ ಪಿನ್ನನ್ನು ನ್ಯೂಟ್ರಲಿಗೇ ಸೇರಿಸಿ "ಆಯ್ತು" ಎನ್ನುವವರನ್ನು ತಡೆಯಿರಿ. ಅದು ಪ್ರಾಣಕ್ಕೇ ಅಪಾಯ. ಹಣ ಬಹಳ ಕಡಿಮೆಯಿದ್ದರೆ ಮಾನಿಟರ್ ಒಂದು ಅಳತೆ ಚಿಕ್ಕದಿರಲಿ, ಅರ್ಥಿಂಗ್ ಮಾತ್ರ ಮೊದಲು ಆಗಲಿ.

ಮನೆಯಲ್ಲಿ ಇನ್ವರ್ಟರ್ ಇದೆ. ಯುಪಿಎಸ್ ಬೇರೆ ಬೇಕೇ?

ಕರೆಂಟ್ ಹೋದಾಗ ಎಸ್‌ಎಂಪಿಎಸ್ ತನ್ನೊಳಗೆ ಕೂಡಿಟ್ಟ ಶಕ್ತಿಯಿಂದ ಒಂದು ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಹೊತ್ತನ್ನೂ ಕಷ್ಟಪಟ್ಟು ದಾಟಿಸುತ್ತದೆ. ಅಷ್ಟರೊಳಗೆ ಇನ್ವರ್ಟರ್ ಬ್ಯಾಟರಿಗೆ ಬದಲಾದರೆ ಕಂಪ್ಯೂಟರ್ ನಿಲ್ಲುವುದಿಲ್ಲ, ತಡವಾದರೆ ಮರುಚಾಲನೆಯಾಗುತ್ತದೆ. ಹೆಚ್ಚಿನ ಇನ್ವರ್ಟರುಗಳಲ್ಲಿ ಯುಪಿಎಸ್ ಮತ್ತು ನಾರ್ಮಲ್ ಎಂಬ ಎರಡು ಸ್ಥಾನಗಳ ಸ್ವಿಚ್ ಇರುತ್ತದೆ. ಯುಪಿಎಸ್ ಸ್ಥಾನದಲ್ಲಿ ಬದಲಾವಣೆ ಬೇಗ ಆಗುತ್ತದೆ. ಆದರೆ ಆಗ ಅದು ಒಪ್ಪಿಕೊಳ್ಳುವ ವೋಲ್ಟೇಜಿನ ವ್ಯಾಪ್ತಿಯೂ ಕಿರಿದಾಗುತ್ತದೆ. ಸುಮಾರು 180ಕ್ಕಿಂತ ಕೆಳಗಿಳಿದರೆ ಕರೆಂಟ್ ಇದ್ದರೂ ಬ್ಯಾಟರಿಗೆ ಹೋಗಿಬಿಡುತ್ತದೆ. ವೋಲ್ಟೇಜ್ ಸದಾ ಕಡಿಮೆ ಇರುವ ಊರಿನಲ್ಲಿ ಹೀಗೆ ಬ್ಯಾಟರಿ ದಿನವಿಡೀ ಬರಿದಾಗಿ, ರಾತ್ರಿ ದೀಪಕ್ಕೂ ಉಳಿಯುವುದಿಲ್ಲ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಶುದ್ಧ ಸೈನ್ ವೇವ್ ಇನ್ವರ್ಟರ್ (ಮನೆಯ ಕರೆಂಟಿನಂತೆ ನಯವಾದ ಅಲೆ ಕೊಡುವುದು) ಇದ್ದು, ವೋಲ್ಟೇಜ್ ಚೆನ್ನಾಗಿದ್ದರೆ ಅದನ್ನೇ ಯುಪಿಎಸ್ ಸ್ಥಾನಕ್ಕೆ ತಿರುಗಿಸಿ ಬಳಸಿ. ಸ್ಕ್ವೇರ್ ವೇವ್ (ಒರಟು ಅಲೆಯ) ಇನ್ವರ್ಟರ್ ಆದರೆ, ಅಥವಾ ವೋಲ್ಟೇಜ್ ಓಲಾಡುತ್ತಿದ್ದರೆ, ಕಂಪ್ಯೂಟರಿಗೆಂದೇ 600 ವಿಎ ಯುಪಿಎಸ್ ತೆಗೆದುಕೊಳ್ಳಿ. 600 ವಿಎ ಎಂದರೆ 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360 ವ್ಯಾಟ್. ಮನೆಯ ಯಂತ್ರ, ಮಾನಿಟರ್ ಮತ್ತು ರೂಟರಿಗೆ ಅದು ಸಾಕು. ಹತ್ತು ಹದಿನೈದು ನಿಮಿಷ ಸಿಗುತ್ತದೆ, ಕೆಲಸ ಉಳಿಸಿ ಮುಚ್ಚುವುದಕ್ಕೆ ಅಷ್ಟೇ ಬೇಕಾದದ್ದು. ಪ್ರಿಂಟರನ್ನು, ಅದರಲ್ಲೂ ಲೇಸರ್ ಪ್ರಿಂಟರನ್ನು, ಎಂದೂ ಅದಕ್ಕೆ ಚುಚ್ಚಬೇಡಿ. ಎರಡು ಮೂರು ವರ್ಷಕ್ಕೊಮ್ಮೆ ಒಳಗಿನ ಬ್ಯಾಟರಿ ಬದಲಿಸಬೇಕಾಗುತ್ತದೆ ಎಂಬ ಖರ್ಚನ್ನೂ ಲೆಕ್ಕದಲ್ಲಿಟ್ಟುಕೊಳ್ಳಿ.

ಸಿಡಿಲಿನಿಂದ ಕಾಪಾಡಿಕೊಳ್ಳುವುದು ಹೇಗೆ?

ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳ ಸಂಜೆಗಳೇ ಹೆಚ್ಚು ಅಪಾಯದವು. ಸರ್ಜ್ ರಕ್ಷಣೆಯ ಎಕ್ಸ್‌ಟೆನ್ಶನ್ ಬೋರ್ಡುಗಳು ಸಣ್ಣ ಏರಿಳಿತಗಳನ್ನು ತಡೆಯುತ್ತವೆ, ಅದೂ ಅರ್ಥಿಂಗ್ ಇದ್ದರೆ. ಹತ್ತಿರದಲ್ಲಿ ಬಿದ್ದ ಸಿಡಿಲನ್ನು ಅವು ತಡೆಯಲಾರವು. ಗುಡುಗು ಕೇಳಿಸಿದ ಕೂಡಲೇ ಪ್ಲಗ್ಗನ್ನು ಕಿತ್ತು ಇಡುವುದೊಂದೇ ನಂಬಬಹುದಾದ ಉಪಾಯ. ಸ್ವಿಚ್ ಆರಿಸಿದರೆ ಸಾಲದು. ಸ್ವಿಚ್ಚಿನೊಳಗಿನ ಒಂದೆರಡು ಮಿಲಿಮೀಟರ್ ಅಂತರವನ್ನು ಸಿಡಿಲು ಲೆಕ್ಕಿಸುವುದಿಲ್ಲ.

ಇದರಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಹೊಸನಗರದ ಕಡೆ ಚಿಕ್ಕಪ್ಪನ ಮನೆಯಲ್ಲಿ ಗುಡುಗು ಶುರುವಾದಾಗ ಪ್ಲಗ್ ಕಿತ್ತಿಟ್ಟಿದ್ದೆ, ಆದರೆ ತಾಮ್ರದ ಟೆಲಿಫೋನ್ ತಂತಿಯ ಮೋಡೆಮಿನಿಂದ ಬಂದಿದ್ದ ನೆಟ್‌ವರ್ಕ್ ಕೇಬಲ್ ಹಾಗೇ ಉಳಿದಿತ್ತು. ಮರುದಿನ ಕ್ಯಾಬಿನೆಟ್ ತೆರೆದಾಗ ಸುಟ್ಟ ವಾಸನೆ. ಬೋರ್ಡಿನ ಮೇಲೆ ನೆಟ್‌ವರ್ಕ್ ಕಿಂಡಿಯ ಹಿಂದಿದ್ದ ಪುಟ್ಟ ಚಿಪ್ಪು ಬಾಯಿ ಬಿಟ್ಟು, ಸುತ್ತ ಕಾಡಿಗೆ ಬಳಿದಂತೆ ಕಪ್ಪಾಗಿತ್ತು. ಇಂದು ಫೈಬರ್ ಬಂದಿರುವ ಊರುಗಳಲ್ಲಿ ಗಾಜಿನ ಎಳೆ ವಿದ್ಯುತ್ತನ್ನು ಹರಿಸುವುದಿಲ್ಲ; ಆದರೂ ಆ ಕೇಬಲ್ಲಿನೊಂದಿಗೆ ಬರುವ ಉಕ್ಕಿನ ಆಧಾರ ತಂತಿ ಮತ್ತು ರೂಟರಿನ ಅಡಾಪ್ಟರ್ ವಿದ್ಯುತ್ತಿಗೆ ದಾರಿ ಕೊಡಬಲ್ಲವು. ಪ್ಲಗ್ ಕೀಳುವಾಗ ನೆಟ್‌ವರ್ಕ್ ಕೇಬಲ್ಲನ್ನೂ ಕೀಳಿ.

ಮಳೆಗಾಲದ ತೇವಕ್ಕೆ ಎಂಥ ಕ್ಯಾಬಿನೆಟ್ ಒಳ್ಳೆಯದು?

ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸೀಮೆಯಲ್ಲಿ ಬಟ್ಟೆ, ಪುಸ್ತಕ, ಚರ್ಮದ ಚಪ್ಪಲಿಗೆಲ್ಲ ಬೂಷ್ಟು ಹಿಡಿಯುವಾಗ ಕಂಪ್ಯೂಟರ್ ಮಾತ್ರ ಹೇಗೆ ತಪ್ಪಿಸಿಕೊಂಡೀತು? ಆದರೆ ಪರಿಹಾರ ಸುಲಭವಾಗಿದೆ: ಅದನ್ನು ಬಳಸುತ್ತಿರುವುದು. ಓಡುವ ಯಂತ್ರದ ಒಳಗೆ ಸುತ್ತಲಿಗಿಂತ ಬಿಸಿ ಹೆಚ್ಚಿರುವುದರಿಂದ ತೇವ ಕೂರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸ ಇಲ್ಲದಿದ್ದರೂ ದಿನಕ್ಕೆ ಒಂದು ಗಂಟೆ ಓಡಿಸಿ. ಪ್ಲಾಸ್ಟಿಕ್ ಹೊದಿಕೆ ಹಾಕಿ ಮುಚ್ಚಿಡುವ ಪದ್ಧತಿ ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಹತ್ತಿಯ ಬಟ್ಟೆ ಹೊದಿಸಿ.

ಕ್ಯಾಬಿನೆಟ್ ಸಾದಾ ಇರಲಿ, ಮುಂದೆ ಒಂದು ಹಿಂದೆ ಒಂದು ಫ್ಯಾನ್ ಇರಲಿ, ಮುಂಭಾಗದಲ್ಲಿ ತೆಗೆದು ತೊಳೆಯಬಹುದಾದ ಜಾಲರಿ ಇರಲಿ. ದೊಡ್ಡ ತೂತುಗಳಿರುವುದು ಬೇಡ. ಒಮ್ಮೆ ರಿಪೇರಿಗೆ ಬಂದ ಯಂತ್ರದ ಎಸ್‌ಎಂಪಿಎಸ್ ಮೇಲೆ ಇರುವೆಗಳು ಬಿಳಿ ಮೊಟ್ಟೆಗಳನ್ನು ಸಾಲಾಗಿ ಇಟ್ಟಿದ್ದವು; ಬೆಚ್ಚಗಿನ ಜಾಗ ಅವಕ್ಕೂ ಬೇಕು. ಹಿಂಭಾಗದಲ್ಲಿ ಕಾರ್ಡುಗಳಿಗೆಂದು ಬಿಟ್ಟ ಖಾಲಿ ಸೀಳುಗಳಿಗೆ ಲೋಹದ ಪಟ್ಟಿ ಹಾಕಿಯೇ ಇರಬೇಕು, ಇಲ್ಲವಾದರೆ ಹಲ್ಲಿ ಒಳಸೇರುತ್ತದೆ. ಮೇಜನ್ನು ಗೋಡೆಯಿಂದ ಒಂದು ಗೇಣು ಮುಂದೆ ಇಡಿ, ಬಚ್ಚಲೊಲೆಯ ಹೊಗೆ ಬರುವ ಕಡೆ ಬೇಡ. ಹೊಗೆಯ ಜಿಡ್ಡು ಧೂಳನ್ನು ಫ್ಯಾನಿಗೆ ಅಂಟಿಸುತ್ತದೆ.

ಮಳೆಗಾಲದಲ್ಲಿ ಯಂತ್ರ ಬೀಪ್ ಎಂದು ಕೂಗಿ ಪರದೆ ಮೂಡದಿದ್ದರೆ ಮೊದಲು ರ‍್ಯಾಮ್ ಕಳಚಿ ನೋಡಿ. ಅದರ ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ ಮತ್ತೆ ಕೂರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ರಬ್ಬರಿನಿಂದ ಉಜ್ಜುವುದು ಬಳಕೆಯಲ್ಲಿದೆ, ಆದರೆ ಪದೇ ಪದೇ ಉಜ್ಜಿದರೆ ತೆಳುವಾದ ಚಿನ್ನದ ಲೇಪ ಸವೆಯುತ್ತದೆ.

ಸೆಕೆಂಡ್ ಹ್ಯಾಂಡ್ ಭಾಗಗಳನ್ನು ಕೊಳ್ಳಬಹುದೇ?

ಪ್ರೊಸೆಸರ್ ಮತ್ತು ರ‍್ಯಾಮನ್ನು ಧೈರ್ಯವಾಗಿ ಕೊಳ್ಳಬಹುದು. ಕೆಲಸ ಮಾಡುತ್ತಿದ್ದರೆ ಅವು ಸುಲಭವಾಗಿ ಕೆಡುವುದಿಲ್ಲ. ಮಾನಿಟರನ್ನು ಅರ್ಧ ಗಂಟೆ ಓಡಿಸಿ ನೋಡಿ ಕೊಳ್ಳಬಹುದು. ಎಸ್‌ಎಂಪಿಎಸ್ ಮತ್ತು ಹಾರ್ಡ್ ಡಿಸ್ಕ್ ಮಾತ್ರ ಬೇಡವೇ ಬೇಡ.

ಕಚೇರಿಗಳಲ್ಲಿ ಬಳಸಿ ತೆಗೆದ ಸಿದ್ಧ ಕಂಪ್ಯೂಟರುಗಳು ಅಗ್ಗಕ್ಕೆ ಸಿಗುತ್ತವೆ, ಗಟ್ಟಿಯಾಗಿಯೂ ಇರುತ್ತವೆ. ಆದರೆ ಅವುಗಳ ಬೋರ್ಡೂ ಎಸ್‌ಎಂಪಿಎಸ್ಸೂ ಹಲವೊಮ್ಮೆ ಆ ಕಂಪನಿಯದೇ ಅಳತೆಯವಾಗಿದ್ದು, ಕೆಟ್ಟರೆ ಸಾಮಾನ್ಯ ಭಾಗ ಹೊಂದುವುದಿಲ್ಲ. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 (ಭದ್ರತೆಯ ಚಿಪ್ಪು) ಮತ್ತು ಇಂಟೆಲ್‌ನ ಎಂಟನೆಯ ತಲೆಮಾರು ಅಥವಾ ರೈಜನ್ 2000 ಸರಣಿ, ಇಲ್ಲವೇ ಅವುಗಳ ನಂತರದ ಪ್ರೊಸೆಸರ್ ಬೇಕು. ಆರು, ಏಳನೆಯ ತಲೆಮಾರಿನ ಯಂತ್ರಗಳು ಇಷ್ಟು ಅಗ್ಗವಾಗಿ ಮಾರುಕಟ್ಟೆಗೆ ಬಂದಿರುವುದಕ್ಕೆ ಇದೂ ಒಂದು ಕಾರಣ. ಅವುಗಳಲ್ಲಿ ವಿಂಡೋಸಿನ ಬದಲಿಗೆ ಲಿನಕ್ಸ್ ಮಿಂಟ್ ಹಾಕಿಕೊಂಡರೆ ಇನ್ನೂ ಹಲವು ವರ್ಷ ಚೆನ್ನಾಗಿ ನಡೆಯುತ್ತವೆ, ಅದಕ್ಕೆ ಪರವಾನಗಿ ಶುಲ್ಕವೂ ಇಲ್ಲ.

ಮಾನಿಟರ್, ಕೀಬೋರ್ಡ್, ಕನ್ನಡ ಟೈಪಿಂಗ್ ಬಗ್ಗೆ ಏನು ಹೇಳುತ್ತೀರಿ?

22ರಿಂದ 24 ಅಂಗುಲದ, 1920×1080 ಬಿಂದುಗಳ ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಚೆನ್ನಾಗಿ ಕಾಣುವ) ಪರದೆ ಸಾಕು. ಕನ್ನಡಕ್ಕೆ ವಿಶೇಷ ಕೀಬೋರ್ಡ್ ಬೇಡ. ನುಡಿ ತಂತ್ರಾಂಶದಲ್ಲಿ ಬಳಸುವ, ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸ ಸಾಮಾನ್ಯ ಇಂಗ್ಲಿಷ್ ಕೀಲಿಗಳ ಮೇಲೆಯೇ ನಡೆಯುತ್ತದೆ. ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಕನ್ನಡದ ಕೀಲಿವಿನ್ಯಾಸಗಳು ಮೊದಲೇ ಸೇರಿವೆ.

ವೈ-ಫೈ ಇರುವ ಬೋರ್ಡಿಗೆ ಹೆಚ್ಚು ಕೊಡಬೇಕೆ?

ನಮ್ಮ ಹಳೆಯ ಮನೆಗಳ ಜಂಬಿಟ್ಟಿಗೆಯ, ಮಣ್ಣಿನ ದಪ್ಪ ಗೋಡೆಗಳನ್ನು ವೈ-ಫೈ, ಅದರಲ್ಲೂ 5 ಗಿಗಾಹರ್ಟ್ಸಿನದು, ದಾಟುವುದು ಕಷ್ಟ. ರೂಟರ್ ಜಗಲಿಯಲ್ಲಿದ್ದು ಕಂಪ್ಯೂಟರ್ ಒಳಕೋಣೆಯಲ್ಲಿದ್ದರೆ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆಯುವುದೇ ಒಳ್ಳೆಯದು. 100 ಮೀಟರ್‌ವರೆಗೆ ವೇಗ ಕುಂದುವುದಿಲ್ಲ.

ಎಲ್ಲಿ ಕೊಳ್ಳಬೇಕು: ಶಿವಮೊಗ್ಗದಲ್ಲೋ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ, ಆನ್‌ಲೈನಿನಲ್ಲೋ?

ಎಸ್.ಪಿ. ರಸ್ತೆಯಲ್ಲಿ ಆಯ್ಕೆ ಹೆಚ್ಚು, ಬೆಲೆಯೂ ಕೊಂಚ ಕಡಿಮೆ. ಆದರೆ ಸುಮಾರು 300 ಕಿಲೋಮೀಟರ್ ಹೋಗಿಬರುವ ಖರ್ಚು, ಮತ್ತು ಒಂದು ಭಾಗ ಕೆಟ್ಟಾಗ ಪುನಃ ಹೋಗಬೇಕಾದ ಖರ್ಚನ್ನು ಸೇರಿಸಿ ನೋಡಿ. ಬೋರ್ಡ್, ಎಸ್‌ಎಂಪಿಎಸ್, ಯುಪಿಎಸ್, ಮಾನಿಟರ್ ಈ ನಾಲ್ಕನ್ನು ಶಿವಮೊಗ್ಗದಲ್ಲೇ ಕೊಳ್ಳುವುದು ನನ್ನ ಕ್ರಮ. ವಾರಂಟಿಗೆ ಹೆಚ್ಚು ಹಿಂತಿರುಗಬೇಕಾಗುವುದು ಇವೇ. ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿಗಳು ಚಿಕ್ಕವು, ಅಪರೂಪಕ್ಕೆ ಕೆಡುವಂಥವು. ಅವನ್ನು ಎಲ್ಲಿ ಕಡಿಮೆಯೋ ಅಲ್ಲಿ ಕೊಳ್ಳಬಹುದು. ಪ್ರೊಸೆಸರ್ ಮಾತ್ರ ಮುಚ್ಚಿದ ಬಾಕ್ಸಿನಲ್ಲೇ ಇರಲಿ: ಬಾಕ್ಸಿನದಕ್ಕೆ ಕಂಪನಿಯ ಮೂರು ವರ್ಷದ ವಾರಂಟಿ ಇರುತ್ತದೆ, ಟ್ರೇ ಎಂದು ಬಿಡಿಯಾಗಿ ಕೊಡುವುದಕ್ಕೆ ಅಂಗಡಿಯವರ ಮಾತೇ ವಾರಂಟಿ. "ಬಿಲ್ ಬೇಡವಾದರೆ 18 ಪ್ರತಿಶತ ಜಿಎಸ್‌ಟಿ ಉಳಿಯುತ್ತದೆ" ಎಂಬ ಮಾತಿಗೆ ಒಪ್ಪಬೇಡಿ. ಬಿಲ್ಲಿಲ್ಲದ ಭಾಗಕ್ಕೆ ವಾರಂಟಿಯೂ ಇಲ್ಲ.

ನಾನೇ ಜೋಡಿಸಬಹುದೇ?

ಖಂಡಿತ ಜೋಡಿಸಬಹುದು. ಅವಸರವಿಲ್ಲದ ಒಂದು ಮಧ್ಯಾಹ್ನ ಬೇಕು. ಪ್ರೊಸೆಸರಿನ ಒಂದು ಮೂಲೆಯಲ್ಲಿ ಸಣ್ಣ ತ್ರಿಕೋನದ ಗುರುತಿರುತ್ತದೆ. ಸಾಕೆಟ್ಟಿನ ಮೂಲೆಯಲ್ಲೂ ಅಂಥದೇ ಇರುತ್ತದೆ. ಎರಡನ್ನೂ ಹೊಂದಿಸಿ ಮೆಲ್ಲನೆ ಇಟ್ಟರೆ ಅದು ತಾನಾಗಿ ಕೂರುತ್ತದೆ, ಒತ್ತುವ ಅಗತ್ಯವಿಲ್ಲ. ಎಎಂ4ರಲ್ಲಿ ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲಿ, ಎಲ್‌ಜಿಎ 1700 ಮತ್ತು ಎಎಂ5ರಲ್ಲಿ ಬೋರ್ಡಿನ ಸಾಕೆಟ್ಟಿನಲ್ಲಿರುತ್ತವೆ. ಎರಡನ್ನೂ ಬೆರಳಿನಿಂದ ಮುಟ್ಟಬಾರದು. ರ‍್ಯಾಮಿಗೆ ಮಾತ್ರ ಬಲ ಬೇಕು: ಎರಡೂ ತುದಿಗಳನ್ನು ಹೆಬ್ಬೆರಳಿನಿಂದ ಒತ್ತಿದಾಗ ಕಟ್ಟೆಂಬ ಸದ್ದು ಬಂದು ಪಕ್ಕದ ಕಿವಿಗಳು ತಾವೇ ಮೇಲೆದ್ದು ಹಿಡಿದುಕೊಳ್ಳಬೇಕು. ಸ್ಥಾಯಿ ವಿದ್ಯುತ್ತಿನ ಭಯ ಮಳೆಗಾಲದ ತೇವದ ಗಾಳಿಯಲ್ಲಿ ಕಡಿಮೆ, ಜನವರಿ ಫೆಬ್ರವರಿಯ ಒಣ ಹವೆಯಲ್ಲಿ ಹೆಚ್ಚು. ಭಾಗ ಮುಟ್ಟುವ ಮೊದಲು ಬಣ್ಣವಿಲ್ಲದ ಲೋಹವನ್ನೊಮ್ಮೆ ಮುಟ್ಟಿ, ನೈಲಾನ್ ಚಾಪೆಯ ಮೇಲೆ ಕೂತು ಜೋಡಿಸಬೇಡಿ.

ಜೋಡಿಸಿದ ಮೊದಲ ರಾತ್ರಿ, ವಿಂಡೋಸ್ ಹಾಕುವುದಕ್ಕೂ ಮುನ್ನ, ಪೆನ್‌ಡ್ರೈವಿನಿಂದ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ ಮಲಗಿ. ಬೆಳಿಗ್ಗೆ ಒಂದೇ ಒಂದು ತಪ್ಪು ತೋರಿಸಿದ್ದರೂ ರ‍್ಯಾಮನ್ನು ಅಂಗಡಿಗೆ ಹಿಂದಿರುಗಿಸಬೇಕು. ನಂತರ ಯುಪಿಎಸ್ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಯಂತ್ರ ನಿಲ್ಲದೆ ಓಡುತ್ತದೆಯೇ ಎಂದು ನೋಡಿ. ಕೆಲವು ಎಸ್‌ಎಂಪಿಎಸ್‌ಗಳಿಗೂ ಕೆಲವು ಯುಪಿಎಸ್‌ಗಳಿಗೂ ಹೊಂದಿಕೆಯಾಗುವುದಿಲ್ಲ, ಅದು ತಿಳಿಯಬೇಕಾದದ್ದು ಬದಲಿಸಿಕೊಳ್ಳಲು ಅವಕಾಶವಿರುವ ಮೊದಲ ವಾರದಲ್ಲೇ. ಖಾಲಿ ಬಾಕ್ಸುಗಳನ್ನು ಅಟ್ಟಕ್ಕೆ ಹಾಕುವ ಮೊದಲು ಪ್ರತಿಯೊಂದರ ಸೀರಿಯಲ್ ನಂಬರನ್ನೂ ಬಿಲ್ಲನ್ನೂ ಫೋಟೊ ತೆಗೆದಿಟ್ಟುಕೊಳ್ಳಿ. ರಟ್ಟಿಗೆ ಗೆದ್ದಲು ಹಿಡಿದರೂ ನಂಬರ್ ನಿಮ್ಮ ಬಳಿ ಇರುತ್ತದೆ.